ಕತ್ತಿ, ಬ್ಲೇಡು ಮತ್ತು ನಮ್ಮ ಗಡ್ಡ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೊನ್ನೆ ನಮ್ಮ ಸಂಘಟನೆಯ ವಾಟ್ಸಾಪ್ ಗ್ರೂಪಲ್ಲಿ ಹುಡುಗರದ್ದು ಒಂದು ವಾದ. ಮೈಸೂರಿನ ಯಾವುದೋ ಎಸಿ ಸಲೂನಲ್ಲಿ ‘ಹಳೇ ಕಾಲದ ಕತ್ತಿ ಶೇವ್’ ಅಂತ ಶುರುವಾಗಿದೆಯಂತೆ. ಬಿಸಿ ಟವೆಲ್ ಹಾಕಿ, ಬ್ರಷ್ಷಲ್ಲಿ ನೊರೆ ಬಳಿದು, ಉದ್ದನೆಯ ಮಡಚೋ ಕತ್ತೀಲಿ ಗಡ್ಡ ತೆಗೀತಾರಂತೆ. ಅದು ನಯವಾ, ಮನೇಲಿ ಸೇಫ್ಟಿ ರೇಜರಲ್ಲಿ ಮಾಡ್ಕೊಳ್ಳೋದು ನಯವಾ ಅಂತ ಚರ್ಚೆ. ‘ಅಣ್ಣ, ನೀವ್ ಹೇಳಿ’ ಅಂದ್ರು. ಗ್ರೂಪಲ್ಲಿ ಎರಡು ಸಾಲು ಬರೆದು ಮುಗಿಸೋ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ನೇರ ಉತ್ತರ. ಪಳಗಿದ ಕೈಯಲ್ಲಿದ್ದರೆ ಕತ್ತೀನೇ ನಯ. ಅದರ ಅಲಗು ಚರ್ಮದ ಮೇಲೆ ನೇರವಾಗಿ ಕೂರುತ್ತೆ, ನಡುವೆ ಯಾವ ತಡೆಯೂ ಇಲ್ಲ. ಸುಮಾರು 30 ಡಿಗ್ರಿ ಓರೆ ಹಿಡಿದು, ಇನ್ನೊಂದು ಕೈಯಲ್ಲಿ ಚರ್ಮ ಎಳೆದುಕೊಂಡು, ಕೂದಲು ಬೆಳೆದ ದಿಕ್ಕಿಗೇ ಇಳಿಸಿದರೆ ಕೆನ್ನೆ ನುಣ್ಣಗಾಗುತ್ತೆ. ಆದರೆ ಅದಕ್ಕೆ ಸೇವೆ ಜಾಸ್ತಿ. ಆಗಾಗ ಸಾಣೆಕಲ್ಲಿಗೆ ಕೊಡಬೇಕು, ಪ್ರತಿ ಸಲ ಗಡ್ಡಕ್ಕೆ ಹಚ್ಚೋ ಮೊದಲು ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ತೀಡಬೇಕು. ಓರೆ ಒಂದಿಷ್ಟು ತಪ್ಪಿದರೆ ರಕ್ತ. ಸೇಫ್ಟಿ ರೇಜರಲ್ಲಿ ಆ ಓರೆಯನ್ನ ತಲೆಯ ಭಾಗವೇ ಹಿಡಿದುಕೊಂಡಿರುತ್ತೆ. ಬ್ಲೇಡಿನ ಅಂಚು ಒಂದು ಕೂದಲೆಳೆಯಷ್ಟು ಮಾತ್ರ ಹೊರಗೆ. ಒತ್ತದೆ, ರೇಜರಿನ ಭಾರಕ್ಕೇ ಬಿಟ್ಟು ಎಳೆದರೆ ಹೊಸಬನೂ ಒಂದು ವಾರದಲ್ಲಿ ಕಲೀತಾನೆ. ನಯದಲ್ಲಿ ಒಂದಾಣೆ ಕಮ್ಮಿ ಇರಬಹುದು, ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. ‘ಪಳಗಿದ ಕೈ’ ಅಂದ್ನಲ್ಲ, ಅದು ಯಾರ ಕೈ? ಕತ್ತಿಯನ್ನ ಒಬ್ಬರೇ ಕನ್ನಡಿ ಮುಂದೆ ನಿಂತು ಹಿಡಿಯೋದು ಕಷ್ಟ. ನಮ್ಮ ದೇಶದಲ್ಲಂತೂ ಅದು ಒಂದು ಜಾತಿಯ ಕೈಯಲ್ಲೇ ಉಳಿದ ಕಸುಬು. ನಯ ಬೇಕಾದರೆ ಇನ್ನೊಬ್ಬ ಮನುಷ್ಯ ನಿಮ್ಮ ಮುಖ ಮುಟ್ಟಬೇಕು. ನಮ್ಮ ಮುಖ ಯಾರು ಮುಟ್ಟುತ್ತಿದ್ದರು?

ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಮ್ಮ ಸಾತಾರಾದ ಬಾಲ್ಯ ಬರೆದಿದ್ದಾರೆ. ಊರಲ್ಲಿ ಕ್ಷೌರಿಕರು ಬೇಕಾದಷ್ಟಿದ್ದರು, ಇವರ ಮನೆಯಲ್ಲಿ ಕೊಡೋಕೆ ದುಡ್ಡೂ ಇತ್ತು. ಆದರೂ ಅಸ್ಪೃಶ್ಯರ ತಲೆ ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಅಕ್ಕನೇ ಎಲ್ಲರಿಗೂ ಕ್ಷೌರ ಮಾಡಿ ಮಾಡಿ ಆ ಕೆಲಸದಲ್ಲಿ ನಿಸ್ಸೀಮಳಾಗಿದ್ದಳು. ಅದೇ ಬರಹದಲ್ಲಿ ಬರೋ ಗೋರೆಗಾಂವ್ ಪ್ರಯಾಣ 1901ರದ್ದು. ಆ ಇಸವಿ ನೆನಪಿಟ್ಕೊಳ್ಳಿ.

1901ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಅನ್ನೋ ಸೇಲ್ಸ್‌ಮನ್ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿದ. ಸೇಫ್ಟಿ ರೇಜರನ್ನ ಅವನೇ ಕಂಡುಹಿಡಿದ ಅಂತ ಎಲ್ಲ ಕಡೆ ಬರೀತಾರೆ, ಅದು ಅರ್ಧ ಸತ್ಯ. ಕತ್ತಿಗೆ ಮರದ ತಡೆ ಕೂರಿಸೋ ಯೋಚನೆಯನ್ನ ಫ್ರಾನ್ಸಿನ ಚಾಕು ಕಸುಬಿನ ಜೀನ್ ಜಾಕ್ ಪೆರೆ 18ನೇ ಶತಮಾನದಲ್ಲೇ ಮಾಡಿದ್ದ. ತಾನೇ ತನ್ನ ಗಡ್ಡ ತೆಗೆದುಕೊಳ್ಳೋದನ್ನ ಕಲಿಸೋ ಪುಸ್ತಕವನ್ನೂ ಬರೆದಿದ್ದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫ್ ಸಹೋದರರು ತಮ್ಮ ರೇಜರಿಗೆ ಪೇಟೆಂಟ್ ಪಡೆದಿದ್ದರು. ಆದರೆ ಅವೆಲ್ಲದರಲ್ಲೂ ಅಲಗು ದಪ್ಪ, ಮತ್ತೆ ಮತ್ತೆ ಮಸೆಯಬೇಕು. ಜಿಲೆಟ್ ತಂದ ಹೊಸತು ಬ್ಲೇಡು. ತೆಳು ಉಕ್ಕಿನ ಹಾಳೆ, ಎರಡೂ ಕಡೆ ಅಂಚು, ಮೊಂಡಾದರೆ ಬಿಸಾಕೋದು. ಅಷ್ಟು ತೆಳು ಉಕ್ಕನ್ನ ಗಡುಸು ಮಾಡೋಕಾಗಲ್ಲ ಅಂತ ತಿಳಿದವರೆಲ್ಲ ಹೇಳ್ತಿದ್ದಾಗ ಮಾಡಿ ತೋರಿಸಿದವನು ವಿಲಿಯಂ ನಿಕರ್ಸನ್ ಅನ್ನೋ ಎಂಜಿನಿಯರ್. ಹೆಸರು ಮಾತ್ರ ಜಿಲೆಟ್‌ದು. ಕೆಲಸ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು ಅನ್ನೋದು ನಮಗೇನು ಹೊಸತಲ್ಲ ಬಿಡಿ.

1903ರಲ್ಲಿ ಮೊದಲ ವರ್ಷ ಮಾರಾಟವಾಗಿದ್ದು 51 ರೇಜರ್, 168 ಬ್ಲೇಡು. 1904ರ ನವೆಂಬರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲನೇ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಸರ್ಕಾರ ಸೈನಿಕರಿಗಾಗಿ 35 ಲಕ್ಷ ರೇಜರ್, 3 ಕೋಟಿ 20 ಲಕ್ಷ ಬ್ಲೇಡು ಕೊಂಡಿತು. ಯುದ್ಧ ಮುಗಿಸಿ ಊರಿಗೆ ಬಂದ ಗಂಡಸರಿಗೆ ತಮ್ಮ ಗಡ್ಡ ತಾವೇ ತೆಗೆಯೋ ಅಭ್ಯಾಸ ಆಗಿತ್ತು.

ಅಲ್ಲಿಯವರೆಗೆ ಅಮೆರಿಕದ ಗಂಡಸರ ಗಡ್ಡ ತೆಗೀತಿದ್ದವರು ಯಾರು? ಇದು ನಾವು ಓದಲೇಬೇಕಾದ ಚರಿತ್ರೆ. ದಕ್ಷಿಣದ ರಾಜ್ಯಗಳಲ್ಲಿ ಕತ್ತಿ ಹೆಚ್ಚಾಗಿ ಇದ್ದಿದ್ದು ಕರಿಯರ ಕೈಯಲ್ಲಿ. ಗುಲಾಮನ ಕೈಗೆ ಹರಿತವಾದ ಕತ್ತಿ ಕೊಟ್ಟು, ಅದರ ಕೆಳಗೆ ತನ್ನ ಕತ್ತು ಒಡ್ಡಿ ಮಲಗೋ ಧಣಿಗೆ ಭಯ ಇರಲಿಲ್ಲ, ಮೈಲಿಗೆಯೂ ಇರಲಿಲ್ಲ. ಮಿಸಿಸಿಪ್ಪಿಯ ನ್ಯಾಚೆಜ್ ಊರಿನ ವಿಲಿಯಂ ಜಾನ್ಸನ್ ಗುಲಾಮನಾಗಿ ಹುಟ್ಟಿ, 1820ರಲ್ಲಿ ಬಿಡುಗಡೆಯಾಗಿ, ಕ್ಷೌರದಂಗಡಿ ಇಟ್ಟು ಹಣವಂತನಾದ. ಕೊನೆಗೆ ತಾನೇ ಗುಲಾಮರನ್ನ ಇಟ್ಟುಕೊಂಡ! 1835ರಿಂದ 1851ರಲ್ಲಿ ಕೊಲೆಯಾಗುವವರೆಗೂ ಅವನು ಬರೆದ ದಿನಚರಿ ಇವತ್ತಿಗೂ ಇದೆ. ಅಟ್ಲಾಂಟಾದ ಅಲೊಂಜೊ ಹರ್ನ್‌ಡನ್ 1858ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಅಮೃತಶಿಲೆ, ದೀಪಗುಚ್ಛಗಳಿದ್ದ ಅವರ ಸಲೂನಿನಲ್ಲಿ ಕೆಲಸ ಮಾಡೋರೆಲ್ಲ ಕರಿಯರು, ಕುರ್ಚಿ ಮೇಲೆ ಕೂರೋರು ಬಿಳಿಯರು ಮಾತ್ರ. ಕರಿಯ ಗಿರಾಕಿಗೆ ಆ ಕುರ್ಚಿ ಇಲ್ಲ. 1906ರ ಜನಾಂಗೀಯ ದಂಗೆಯಲ್ಲಿ ಬಿಳಿಯರ ಗುಂಪು ಆ ಅಂಗಡಿಯನ್ನೂ ಬಿಡಲಿಲ್ಲ.

ಅಲ್ಲಿಗೂ ಇಲ್ಲಿಗೂ ಇರೋ ವ್ಯತ್ಯಾಸ ನೋಡಿ. ಅಲ್ಲಿ ತುಳಿತಕ್ಕೊಳಗಾದವನು ಧಣಿಯ ಮುಖ ಮುಟ್ಟಬಹುದಿತ್ತು, ಮುಟ್ಟಲೇಬೇಕಿತ್ತು. ಇಲ್ಲಿ ನಮ್ಮನ್ನ ಮುಟ್ಟಿದ ಕತ್ತಿ ಗೌಡರ ಮುಖ ಮುಟ್ಟಬಾರದಿತ್ತು. ವರ್ಣಭೇದ, ಜಾತಿಭೇದ ಎರಡೂ ಒಂದೇ ಅಂತ ಭಾಷಣದಲ್ಲಿ ಹೇಳಿಬಿಡ್ತೀವಿ. ಕ್ಷೌರದ ಕುರ್ಚಿ ಹತ್ರ ಬಂದ್ರೆ ಗೊತ್ತಾಗುತ್ತೆ, ಒಂದೇ ಅಲ್ಲ.

ಇನ್ನೊಂದು ಮಾತು. ಆ ಕತ್ತಿ ತೀಡೋ ಪಟ್ಟಿ ಚರ್ಮದ್ದು. ಸತ್ತ ದನ ಹೊತ್ತು, ಸುಲಿದು, ತಂಗಡಿ ತೊಗಟೆಯಲ್ಲಿ ನೆನೆಸಿ ಹದ ಮಾಡಿದ ಕೈ ಯಾವ ಕೇರಿಯದ್ದು? ನಮ್ಮ ಕೈ ಹದ ಮಾಡಿದ ಚರ್ಮದ ಮೇಲೆ ಹರಿತವಾದ ಕತ್ತಿ ನಮ್ಮ ಕೆನ್ನೆಗೆ ಬಂದ್ರೆ ಮೈಲಿಗೆ!

ನಮ್ಮ ಕೇರೀಲಿ ಕ್ಷೌರ ಮಾಡೋಕೆ ನಮ್ಮೋರೇ ಒಬ್ಬ ಅಜ್ಜ ಇದ್ರು. ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂರಿಸಿ, ಬರೀ ನೀರು ಹಚ್ಚಿ, ಮೊಂಡು ಕತ್ತೀಲಿ ಕೆರೀತಿದ್ರು ಅಂತ ಅಪ್ಪ ಹೇಳೋರು. ಕಣ್ಣಲ್ಲಿ ನೀರು ಬರೋದಂತೆ. ಆಮೇಲೆ ಮಿಲ್ಟ್ರೀಲಿದ್ದ ನಮ್ಮ ದೊಡ್ಡಪ್ಪ ರಜಕ್ಕೆ ಬಂದಾಗ ಟ್ರಂಕಲ್ಲಿ ಒಂದು ರೇಜರ್ ಸೆಟ್ ತಂದ್ರು. ಹಿತ್ತಾಳೆ ಹಿಡಿ, ಮೇಲೆ ಎರಡು ತಗಡು, ನಡುವೆ ಬ್ಲೇಡು. ನಂಗೆ ಬುದ್ಧಿ ಬರೋ ಹೊತ್ತಿಗೆ ಆ ಒಂದು ಸೆಟ್ ಮೂರು ಮನೆಗೆ ಓಡಾಡ್ತಿತ್ತು. ಭಾನುವಾರ ಬೆಳಿಗ್ಗೆ ‘ಟೋಪಾಜ್ ತಗೊಂಬಾ’ ಅಂತ ನನ್ನ ಅಂಗಡಿಗೆ ಓಡಿಸೋರು. ಬ್ಲೇಡಿಗೆ ನಮ್ಮ ಜಾತಿ ಗೊತ್ತಿರಲಿಲ್ಲ. ಅಂಗಡಿಯವನಿಗೆ ಗೊತ್ತಿತ್ತು, ಚಿಲ್ಲರೆಯನ್ನ ಮೇಲಿಂದ ಅಂಗೈಗೆ ಬೀಳಿಸ್ತಿದ್ದ. ಬ್ಲೇಡು ಮಾತ್ರ ಕಾಗದ ಬಿಚ್ಚಿದರೆ ನಮ್ಮ ಕೆನ್ನೆಗೇ ಮೊದಲು. ಹಾಗಾಗಿ ಸೇಫ್ಟಿ ರೇಜರ್ ಬಗ್ಗೆ ನಂಗೆ ಸ್ವಲ್ಪ ಪಕ್ಷಪಾತ ಇದೆ, ಇರಲಿ.

ಆದರೆ ಇಲ್ಲೊಂದು ಹುಷಾರು ಬೇಕು. ‘ಈಗ ಎಲ್ಲಾ ಮನೇಲೇ ಮಾಡ್ಕೋಬಹುದಲ್ಲ, ಸಲೂನಿಗೇ ಯಾಕೆ ಹೋಗ್ಬೇಕು’ ಅಂತ ಕೇಳೋರಿದ್ದಾರೆ. ನಮ್ಮ ಕಡೆಯ ಒಂದೂರಲ್ಲಿ ಶಾಂತಿ ಸಭೆ ನಡೆದಾಗ ಅಧಿಕಾರಿಯೊಬ್ಬರೇ ಈ ಬುದ್ಧಿಮಾತು ಹೇಳಿದ್ದನ್ನ ಕಿವಿಯಾರೆ ಕೇಳಿದ್ದೀನಿ. ಈ ಪ್ರಶ್ನೆಗೆ ಸಂವಿಧಾನ ಸಭೆಯಲ್ಲೇ ಉತ್ತರ ಇದೆ. 1948ರ ನವೆಂಬರ್ 29ರಂದು, ಇವತ್ತಿನ 15ನೇ ವಿಧಿಯ ಚರ್ಚೆ. ಅಂಗಡಿಗಳಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅಂತ ಕರಡಿನಲ್ಲಿತ್ತು. ‘ಅಂಗಡಿ’ ಅಂದ್ರೆ ಎಷ್ಟರ ಮಟ್ಟಿಗೆ ಅನ್ನೋ ಪ್ರಶ್ನೆ ಬಂತು. ಬಾಬಾಸಾಹೇಬರು ಆ ಪದವನ್ನ ವಿಶಾಲ ಅರ್ಥದಲ್ಲಿ ಬಳಸಿದ್ದೀವಿ ಅಂದರು. ಕೇಳಿ ಬಂದವರಿಗೆ ಸೇವೆ ಕೊಡೋ ಜಾಗವೆಲ್ಲ ಅಂಗಡಿಯೇ. ಹೊಸಿಲು ದಾಟಿಸಿಬಿಟ್ರೆ ಸಾಲದು, ಸೇವೆಯನ್ನೂ ಕೊಡಬೇಕು. ಅಕ್ಕನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡು ಬೆಳೆದ ಹುಡುಗ ಆಡಿದ ಮಾತು ಅದು.

ಮೈಲಿಗೆ ವಾದಕ್ಕೆ ಮೊದಲೆಲ್ಲ ಒಂದು ನೆಪ ಇತ್ತು. ಎಲ್ಲರಿಗೂ ಒಂದೇ ಕತ್ತಿ, ನಿಮಗೆ ಹಚ್ಚಿದ್ದನ್ನ ಅವರಿಗೆ ಹೆಂಗೆ ಹಚ್ಚೋದು ಅಂತ. ಏಡ್ಸ್ ಜಾಗೃತಿ ಬಂದ ಮೇಲೆ ಸಲೂನುಗಳಲ್ಲಿ ಕತ್ತಿಯ ರೂಪವೇ ಬದಲಾಯ್ತು. ನೋಡೋಕೆ ಹಳೇ ಕತ್ತಿ ಥರಾನೇ, ಬಾಯಲ್ಲಿ ಬ್ಲೇಡು. ಬ್ಲೇಡನ್ನ ಕಾಗದದೊಳಗೇ ಎರಡಾಗಿ ಮುರಿದು, ಅರ್ಧ ಸಿಕ್ಕಿಸಿ, ಒಬ್ಬರ ಗಡ್ಡ ಮುಗಿದ ಮೇಲೆ ಎಸೀತಾರೆ. ಅಂದ್ರೆ ನಿಮ್ಮ ಮುಖಕ್ಕೆ ತಗುಲಿದ ಉಕ್ಕು ಇನ್ಯಾರ ಮುಖಕ್ಕೂ ಹೋಗಲ್ಲ. ನೆಪ ಹೋಯ್ತು, ನಿರಾಕರಣೆ ಹೋಯ್ತಾ?

2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮವರನ್ನ ಬಿಡದಿದ್ದದ್ದೇ ಆ ಸಂಘರ್ಷದ ಬೇರು. 10 ವರ್ಷ ಆದ ಮೇಲೆ, 2024ರ ಅಕ್ಟೋಬರಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ತೀರ್ಪಿಗೆ ಎರಡು ತಿಂಗಳ ಹಿಂದಷ್ಟೇ ಅದೇ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ವಿಚಾರಕ್ಕೆ ಶುರುವಾದ ಜಗಳದಲ್ಲಿ ನಮ್ಮ ಹುಡುಗನೊಬ್ಬ ಕತ್ತರಿ ಇರಿತಕ್ಕೆ ಸತ್ತ.

ಹಾಗಂತ ಕತ್ತರಿ ಹಿಡಿದ ಜಾತಿಯ ಮೇಲೆ ಎಲ್ಲವನ್ನೂ ಹೊರಿಸೋರ ಜೊತೆ ನಾನಿಲ್ಲ. ಆ ಜಾತಿ ಹೆಸರನ್ನೇ ಬೈಗುಳ ಮಾಡಿಟ್ಟ ಊರು ನಮ್ಮದು. ಹಿಂದೆ ಸುಗ್ಗಿ ಕಣದಲ್ಲಿ ಆಯಕ್ಕೆ ಕಾಯ್ತಾ ನಿಲ್ತಿದ್ದವರಲ್ಲಿ ಅಗಸ, ಕ್ಷೌರಿಕ, ತಳವಾರ, ತೋಟಿ ಎಲ್ಲರೂ ಇದ್ದರು. ತೋಟಿ ನಮ್ಮವನು. ಒಂದೇ ರಾಶಿಯಿಂದ ಮೊರದಲ್ಲಿ ಕಾಳು ಹಾಕಿಸ್ಕೊಂಡವರು ಒಬ್ಬರನ್ನೊಬ್ಬರು ಮುಟ್ಟದ ಹಾಗೆ ಮಾಡಿದ್ದು ರಾಶಿಯ ಯಜಮಾನ. ಅವನು ಈಗಲೂ ಇದ್ದಾನೆ ಅನ್ನೋಕೆ ನಂಜನಗೂಡು ತಾಲ್ಲೂಕಿನ ಹಲ್ಲರೆ ಸಾಕು. 2020ರಲ್ಲಿ ಅಲ್ಲಿನ ಕ್ಷೌರಿಕರೊಬ್ಬರು ಪರಿಶಿಷ್ಟರಿಗೆ ಕಟಿಂಗ್ ಮಾಡಿದ್ರು ಅಂತ ಊರಿನ ಬಲಾಢ್ಯರು ಅವರಿಗೆ ದಂಡ ಹಾಕಿ ಬಹಿಷ್ಕಾರ ಹೇರಿದ್ದು ಪತ್ರಿಕೆಗಳಲ್ಲೆಲ್ಲ ಬಂತು.

ದಂಡ ಎಷ್ಟು ಗೊತ್ತಾ? 50,000 ರೂಪಾಯಿ. ಈಗ ಕಾನೂನು ನೋಡಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದವನಿಗೆ ಒಂದರಿಂದ ಆರು ತಿಂಗಳ ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. 1976ರಲ್ಲಿ ತಿದ್ದುಪಡಿಯಾದಾಗಿನ ಮೊತ್ತ ಅದು. ಮಾಡಲ್ಲ ಅಂದವನಿಗೆ ಸರ್ಕಾರ ಹಾಕೋ ದಂಡ ಹೆಚ್ಚೆಂದರೆ 500. ಮಾಡಿದವನಿಗೆ ಊರು ಹಾಕಿದ ದಂಡ ಅದರ ನೂರು ಪಟ್ಟು.

ಹುಡುಗರಿಗೆ ಒಂದು ಉಪಯೋಗದ ಮಾತು. ಗುಂಗುರು, ಒರಟು ಗಡ್ಡದವರು ಮೂರು, ಐದು ಬ್ಲೇಡಿನ ರೇಜರ್ ಬಿಡಿ. ಅದು ಕೂದಲನ್ನ ಎಳೆದು ಚರ್ಮದ ಒಳಗೆ ಕತ್ತರಿಸುತ್ತೆ, ಕೂದಲು ಒಳಗೇ ಸುರುಳಿ ಸುತ್ತಿ ಗುಳ್ಳೆ ಏಳುತ್ತೆ. ಅಮೆರಿಕದ ಸೈನ್ಯದಲ್ಲಿ ಕರಿಯ ಸೈನಿಕರನ್ನ ಬಹಳ ಕಾಡಿದ ತೊಂದರೆ ಇದು. ಒಂದೇ ಬ್ಲೇಡಿನ ಸೇಫ್ಟಿ ರೇಜರ್, ಬಿಸಿ ನೀರು, ಒತ್ತದ ಕೈ, ಇಷ್ಟು ಸಾಕು. ದುಡ್ಡಿದ್ದವರು ಎಸಿ ಸಲೂನಿನ ಕತ್ತಿ ಶೇವೂ ಮಾಡಿಸಿ, ನಂದೇನೂ ತಕರಾರಿಲ್ಲ.

ಇನ್ನು ಎಲ್ಲರಿಗೂ ಒಂದು ಕೆಲಸ. ನಮ್ಮ ತಾಲ್ಲೂಕು ಸಮಿತಿಯಿಂದ ಒಂದು ಪಟ್ಟಿ ಮಾಡ್ತಿದ್ದೀವಿ. ನಿಮ್ಮೂರ ಕಟಿಂಗ್ ಶಾಪಲ್ಲಿ ಕೇರಿಯವರಿಗೆ ಕುರ್ಚಿ ಮೇಲೆ ಕೂರಿಸಿ ಮಾಡ್ತಾರಾ, ಇಲ್ಲ ಪಕ್ಕದ ಪೇಟೆಗೆ ಹೋಗ್ಬೇಕಾ? ಮಾಡೋದಾದ್ರೆ ಟವೆಲ್, ಕತ್ತರಿ ಬೇರೆ ಇಟ್ಟಿದ್ದಾರಾ? ಅಂಗಡಿಯವರು ಮಾಡೋಕೆ ಸಿದ್ಧ ಇದ್ದು ಬೇರೆ ಯಾರಾದ್ರೂ ತಡೀತಿದ್ದಾರಾ? ಊರು, ತಾಲ್ಲೂಕು ಕಾಮೆಂಟಲ್ಲಿ ಹಾಕಿ. ಅಂಗಡಿಯವರ ಹೆಸರು ಹಾಕಬೇಡಿ. ತಡೆದವರ ಹೆಸರಿದ್ರೆ ಇನ್‌ಬಾಕ್ಸಿಗೆ ಕಳಿಸಿ.