ಗೆದ್ದದ್ದು ಬೈಕೋ, ಸವಾರನೋ?

ಸೂಪರ್‌ಬೈಕ್ ರೇಸಿನ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ: ಗೆದ್ದದ್ದು ಬೈಕೋ, ಸವಾರನೋ?

1976ರಲ್ಲಿ ಅಮೆರಿಕದ ಡೇಟೋನಾದಲ್ಲಿ ನಡೆದ ರೇಸಿನಲ್ಲಿ ಸ್ಟೀವ್ ಮೆಕ್‌ಲಾಫ್ಲಿನ್ ಮತ್ತು ರೆಗ್ ಪ್ರಿಡ್‌ಮೋರ್ ಹೆಚ್ಚುಕಡಿಮೆ ಒಟ್ಟಿಗೇ ಗೆರೆ ದಾಟಿದರು. ಇಬ್ಬರದೂ ಬಿಎಂಡಬ್ಲ್ಯು ಆರ್90ಎಸ್. ಕೊನೆಗೆ ಫೋಟೋ ನೋಡಿ ಮೆಕ್‌ಲಾಫ್ಲಿನ್ ಗೆದ್ದರೆಂದು ಸಾರಬೇಕಾಯಿತು. ಅಂಗಡಿಯಲ್ಲಿ ಮಾರುವ ಬೈಕನ್ನೇ ತಿದ್ದಿ ಓಡಿಸುವುದು ಈ ಆಟದ ಮೂಲಮಂತ್ರ. ಹಾಗಾಗಿ ಜನ ತಾವು ಕೊಳ್ಳಬಹುದಾದ ಯಂತ್ರವನ್ನೇ ಟ್ರ್ಯಾಕಿನಲ್ಲಿ ಕಂಡರು. ಮುಂದೆ 1988ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದೂ ಇದೇ ಮೆಕ್‌ಲಾಫ್ಲಿನ್‌ರ ಓಡಾಟದಿಂದ. ಮೊದಲ ಪ್ರಶಸ್ತಿ ಹೋಂಡಾ ಆರ್‌ಸಿ30 ಓಡಿಸಿದ ಫ್ರೆಡ್ ಮರ್ಕೆಲ್‌ಗೆ ಸಂದಿತು.

ಜಗಳ ಹುಟ್ಟಿದ್ದು ನಿಯಮದಲ್ಲಿ. ನಾಲ್ಕು ಸಿಲಿಂಡರಿನ ಎಂಜಿನ್‌ಗೆ 750 ಸಿಸಿ ಮಿತಿ, ಎರಡು ಸಿಲಿಂಡರಿನದಕ್ಕೆ 1000 ಸಿಸಿ. ಇಟಲಿಯ ಡುಕಾಟಿ ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿತು. ಮಾಸ್ಸಿಮೊ ತಂಬುರಿನಿ ರೂಪಿಸಿದ 916 ಏರಿ ಇಂಗ್ಲೆಂಡಿನ ಕಾರ್ಲ್ ಫೋಗರ್ಟಿ 1994, 1995ರಲ್ಲಿ ಗೆದ್ದರು. ಎಲ್ಲ ಬೈಕಿನದೇ ಮಹಿಮೆ ಎಂದವರುಂಟು. ಫೋಗರ್ಟಿ 1996ರಲ್ಲಿ ಹೋಂಡಾಗೆ ಹೋಗಿ ನಾಲ್ಕನೆಯವರಾದಾಗ ಆ ಮಾತಿಗೆ ಬಲ ಬಂತು. ಆದರೆ ಮರುವರ್ಷವೇ ಹೋಂಡಾದ ಅದೇ ಆರ್‌ಸಿ45 ಮೇಲೆ ಜಾನ್ ಕೊಸಿನ್ಸ್ಕಿ ಚಾಂಪಿಯನ್ ಆದರು! ಡುಕಾಟಿಗೆ ಮರಳಿದ ಫೋಗರ್ಟಿ 1998, 1999ರಲ್ಲಿ ಮತ್ತೆ ಗೆದ್ದರು. 2000ದಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್‌ನಲ್ಲಿ ಬಿದ್ದು ತೋಳಿಗಾದ ಪೆಟ್ಟು ಅವರ ರೇಸನ್ನೇ ಮುಗಿಸಿತು. ಮುರಿದ ಬೈಕಿಗೆ ಬದಲಿ ಸಿಗುತ್ತದೆ, ತೋಳಿಗೆ ಸಿಗುವುದಿಲ್ಲ.

ಹೋಂಡಾ ಕೂಡ ಕೊನೆಗೆ ಎರಡು ಸಿಲಿಂಡರಿಗೇ ಬಂತು. 2002ರಲ್ಲಿ ಕಾಲಿನ್ ಎಡ್ವರ್ಡ್ಸ್ ಒಂದು ಹಂತದಲ್ಲಿ ಡುಕಾಟಿಯ ಟ್ರಾಯ್ ಬೇಲಿಸ್‌ಗಿಂತ 58 ಅಂಕ ಹಿಂದಿದ್ದರು. ಅಲ್ಲಿಂದ ಸತತ ಒಂಬತ್ತು ರೇಸ್ ಗೆದ್ದು, ಇಮೋಲಾದಲ್ಲಿ ಪ್ರಶಸ್ತಿ ಕಸಿದುಕೊಂಡರು. ಆ ಒಂಬತ್ತೂ ರೇಸುಗಳನ್ನು ಬರೀ ಎಂಜಿನ್ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ. 2003ರಿಂದ ಎಲ್ಲರಿಗೂ 1000 ಸಿಸಿ ಎಂದಾಯಿತು.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಸಣ್ಣ ಮೈಕಟ್ಟಿನ ಆಲ್ವಾರೊ ಬೌಟಿಸ್ಟಾ 2022, 2023ರಲ್ಲಿ ಡುಕಾಟಿ ಮೇಲೆ ಗೆದ್ದಾಗ, ಹಗುರವಾಗಿರುವುದೇ ಅನ್ಯಾಯದ ಲಾಭ ಎಂಬ ದೂರೆದ್ದಿತು. 2024ರಲ್ಲಿ ಹಗುರ ಸವಾರರ ಬೈಕಿಗೆ ಭಾರ ಸೇರಿಸುವ ನಿಯಮ ಬಂತು. ಒಂದು ಕಾಲಕ್ಕೆ ಎಂಜಿನ್ ಅಳೆಯುತ್ತಿದ್ದ ನಿಯಮ ಆಗ ಸವಾರನನ್ನೂ ತಕ್ಕಡಿಗೆ ಏರಿಸಿತು. ಬೈಕು, ಸವಾರ ಇಬ್ಬರನ್ನೂ ಬೇರ್ಪಡಿಸಿ ತೂಗಲಾಗದು ಎಂದು ನಿಯಮವೇ ಒಪ್ಪಿಕೊಂಡಂತೆ ನನಗೆ ತೋರುತ್ತದೆ.

ಆ ವರ್ಷ ಗೆದ್ದವರು ಟರ್ಕಿಯ ತೊಪ್ರಾಕ್ ರಜ್ಗಾತ್ಲಿಯೊಗ್ಲು. ಅವರು ಏರಿದ್ದು ಬಿಎಂಡಬ್ಲ್ಯು. ಡೇಟೋನಾದಲ್ಲಿ ಫೋಟೋ ನೋಡಿ ಗೆಲುವು ಪಡೆದ ಆ ಕಂಪನಿಗೆ ಈ ವಿಶ್ವ ಪ್ರಶಸ್ತಿ ದಕ್ಕಿದ್ದು ಅದೇ ಮೊದಲು.