ಹೆಸರಿಗೂ ಉಂಟು ಗಡುವು

ನರಗುಂದದ ಗುಡ್ಡದ ಮೇಲಿನ ಕೋಟೆ 1858ರ ಜೂನ್ ತಿಂಗಳ ಆರಂಭದಲ್ಲಿ ಬ್ರಿಟಿಷ್ ಸೈನ್ಯದ ವಶವಾಯಿತು. ಜನರು ಬಾಬಾಸಾಹೇಬ ಎಂದು ಕರೆಯುತ್ತಿದ್ದ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಅವರನ್ನು ಅದೇ ತಿಂಗಳ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರು ಬಂಡೇಳಲು ಇದ್ದ ಕಾರಣಗಳಲ್ಲಿ ದೊಡ್ಡದು ದತ್ತಕದ ಪ್ರಶ್ನೆ. ಮಕ್ಕಳಿಲ್ಲದ ಬಾಬಾಸಾಹೇಬರು ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು. ಸರಕಾರ ಒಪ್ಪಲಿಲ್ಲ. ಅಂದರೆ ಅವರ ಕಾಲಾನಂತರ ಸಂಸ್ಥಾನ ತಾನಾಗಿಯೇ ರದ್ದಾಗುವುದು ನಿಶ್ಚಿತವಾಗಿತ್ತು.

ಡಾಲ್‌ಹೌಸಿಯ ಕಾಲದಲ್ಲಿ 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಇದೇ ನೀತಿಗೆ ಬಲಿಯಾದವು. ಸಂಸ್ಥಾನವನ್ನು ತಲೆಮಾರುಗಳಿಂದ ಆಳುತ್ತಿದ್ದವರು ಅದು ತಮ್ಮದೆಂದು ತಿಳಿದಿದ್ದರು. ಸರಕಾರದ ದೃಷ್ಟಿಯಲ್ಲಿ ಮಾತ್ರ ಅದು ಷರತ್ತಿನ ಮೇಲೆ ಕೊಟ್ಟ ಅಧಿಕಾರ. ದಂಗೆಯ ನಂತರ ಸರಕಾರ ಪಾಠ ಕಲಿಯಿತು. ಕ್ಯಾನಿಂಗ್‌ನ ಕಾಲದಲ್ಲಿ ಸಂಸ್ಥಾನಿಕರಿಗೆ ದತ್ತಕ ಸನ್ನದುಗಳು ಸಿಕ್ಕವು. ನಿಷ್ಠೆಯಿಂದಿದ್ದರೆ ದತ್ತುಪುತ್ರನಿಗೂ ಹಕ್ಕು ಮುಂದುವರಿಯುತ್ತದೆ ಎಂಬುದು ಆಗ ಬರಹದಲ್ಲಿ ಖಚಿತವಾಯಿತು. ನರಗುಂದಕ್ಕೆ ಮಾತ್ರ ಅದು ತಡವಾಗಿತ್ತು.

ಯಾವ ಹಕ್ಕು ಎಂದಿಗೆ ಮುಗಿಯುತ್ತದೆ, ಯಾವುದು ತಾನಾಗಿ ಮುಂದುವರಿಯುತ್ತದೆ, ಅದು ಎಲ್ಲರಿಗೂ ಕಾಣುವಂತೆ ಬರೆದಿದೆಯೇ? ಈ ಪ್ರಶ್ನೆಗಳು ಇಂದು ಇನ್ನೊಂದು ಕ್ಷೇತ್ರದಲ್ಲಿ ಎದ್ದಿವೆ. ಅದು ಇಂಟರ್‌ನೆಟ್ ವಿಳಾಸಗಳ, ಅಂದರೆ ಡೊಮೇನ್ ಹೆಸರುಗಳ ಕ್ಷೇತ್ರ.

ಡೊಮೇನ್ ಹೆಸರನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ಗೇಣಿ ಜಮೀನಿನಂತೆ ವರ್ಷಗಳ ಲೆಕ್ಕದಲ್ಲಿ ಪಡೆಯುತ್ತಾರೆ. ಆರಂಭದಲ್ಲಿ ಇದಕ್ಕೆ ಶುಲ್ಕವೇ ಇರಲಿಲ್ಲ. 1985ರ ಮಾರ್ಚ್‌ನಲ್ಲಿ ಮೊದಲ ಡಾಟ್ ಕಾಂ ಹೆಸರು ನೋಂದಣಿಯಾಯಿತು. 1995ರ ಸೆಪ್ಟೆಂಬರ್‌ನಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆ ಮೊದಲ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ವಿಧಿಸಿತು. ಶುಲ್ಕ ಬಂದೊಡನೆ ಗಡುವೂ ಬಂತು, ಗಡುವು ಮರೆಯುವವರೂ ಹುಟ್ಟಿಕೊಂಡರು. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿನ ಶುಲ್ಕ ಕಟ್ಟಲು ಮರೆಯಿತು. ಹಾಟ್‌ಮೇಲ್ ಬಳಕೆದಾರರು ತೊಂದರೆಗೊಳಗಾದರು. ಕೊನೆಗೆ ಅಮೆರಿಕದ ಪ್ರೋಗ್ರಾಮರ್ ಒಬ್ಬರು ತಮ್ಮ ಕೈಯಿಂದಲೇ 35 ಡಾಲರ್ ಕಟ್ಟಿದರು!

ಗಡುವನ್ನು ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ವಹಿಯ ಹೆಸರು ‘ಹೂ ಈಸ್’. ಇದರ ನಿಯಮ 1982ರಲ್ಲಿ ಪ್ರಕಟವಾಯಿತು. ಹೊಲದ ಪಹಣಿ ನೋಡಿದಂತೆ ಇಲ್ಲಿ ಹೆಸರಿನ ನೋಂದಣಿ ದಿನ, ಮುಕ್ತಾಯದ ದಿನ, ಸದ್ಯದ ಸ್ಥಿತಿ ತಿಳಿಯುತ್ತದೆ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾನೂನು ಜಾರಿಯಾದ ಮೇಲೆ ಹೆಸರು ಪಡೆದವರ ವಿವರಗಳು ಬಹುಮಟ್ಟಿಗೆ ಮರೆಯಾದವು. ದಿನಾಂಕಗಳು ಮಾತ್ರ ಉಳಿದವು. 2025ರ ಜನವರಿಯಿಂದ ಡಾಟ್ ಕಾಂ ಮೊದಲಾದ ಹೆಸರುಗಳಿಗೆ ‘ಆರ್‌ಡ್ಯಾಪ್’ ಎಂಬ ಹೊಸ ವ್ಯವಸ್ಥೆ ಹಳೆಯದರ ಸ್ಥಾನ ಪಡೆದಿದೆ.

ಆದರೆ ಈ ವಹಿಯನ್ನು ಓದುವುದು ಪಹಣಿ ಓದಿದಷ್ಟು ಸುಲಭವಲ್ಲ. ಡಾಟ್ ಕಾಂ ಹೆಸರಿನ ಗಡುವು ಮುಗಿದೊಡನೆ ಕೇಂದ್ರ ನೋಂದಣಿ ಕಚೇರಿ ಅದನ್ನು ತಾನಾಗಿ ಒಂದು ವರ್ಷ ಮುಂದಕ್ಕೆ ಹಾಕುತ್ತದೆ. ಹೆಸರು ಪಡೆದವರು ಒಂದು ಪೈಸೆ ಕಟ್ಟಿರದಿದ್ದರೂ ವಹಿಯಲ್ಲಿ ಮುಂದಿನ ವರ್ಷದ ದಿನಾಂಕ ಕಾಣುತ್ತದೆ! ಇದು ಕೇಂದ್ರ ಕಚೇರಿಗೂ ಹೆಸರು ಮಾರುವ ಕಂಪನಿಗೂ ನಡುವಿನ ಲೆಕ್ಕ. ಗ್ರಾಹಕ ಹಣ ಕಟ್ಟದಿದ್ದರೆ 45 ದಿನಗಳೊಳಗೆ ಆ ಕಂಪನಿ ಹೆಸರನ್ನು ಅಳಿಸಿ ತನ್ನ ಹಣ ವಾಪಸು ಪಡೆಯಬಹುದು. ಅಳಿಸಿದ ಮೇಲೆ 30 ದಿನ, ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು ಅವಕಾಶ. ನಂತರದ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಹೆಸರು ಮೊದಲು ಬಂದವರ ಪಾಲು. ಆದ್ದರಿಂದ ದಿನಾಂಕವೊಂದನ್ನೇ ನಂಬದೆ, ಅದರ ಜೊತೆಗೆ ನಮೂದಾಗುವ ಸ್ಥಿತಿಯ ಸಂಕೇತವನ್ನೂ ಓದಬೇಕು. ಹೆಸರು ಮಾರಿದ ಕಂಪನಿಯ ದಾಖಲೆಯಲ್ಲಿ ಬೇರೆಯೇ ದಿನಾಂಕ ಇರಬಹುದು.

ಈ ಗೊಂದಲದ ಬೆಲೆ ಸಣ್ಣದಲ್ಲ. ಒಂದು ಸಹಕಾರ ಸಂಘ ಅಥವಾ ಶಾಲೆ ತನ್ನ ಹೆಸರು ಕಳೆದುಕೊಂಡರೆ, ಅದನ್ನು ಹಿಡಿದ ಹೊಸಬರ ಕೈಗೆ ಹಳೆಯ ವಿಳಾಸಕ್ಕೆ ಬರುವ ಇ-ಮೇಲ್‌ಗಳೂ ಹೋಗಬಹುದು, ಜನರ ನಂಬಿಕೆಯೂ ಹೋಗಬಹುದು. ಇಂಟರ್‌ನೆಟ್ ಹೆಸರುಗಳನ್ನು ನಿಯಂತ್ರಿಸುವ ಐಕ್ಯಾನ್ ಸಂಸ್ಥೆ 2013ರಲ್ಲಿ ಇದಕ್ಕಾಗಿಯೇ ನಿಯಮ ಜಾರಿಗೊಳಿಸಿತು. ಗಡುವಿಗೆ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮೊದಲು, ಗಡುವು ಮುಗಿದು ಐದು ದಿನಗಳೊಳಗೆ ಮತ್ತೊಮ್ಮೆ ಗ್ರಾಹಕರಿಗೆ ಸೂಚನೆ ಹೋಗಬೇಕು. ಇದು ಡಾಟ್ ಕಾಂ ಮೊದಲಾದ ಸಾಮಾನ್ಯ ಹೆಸರುಗಳಿಗೆ ಅನ್ವಯ. ದೇಶಗಳ ಹೆಸರುಗಳಿಗೆ, ನಮ್ಮ ಡಾಟ್ ಇನ್ ಸೇರಿ, ಆಯಾ ದೇಶದ ನಿಯಮವೇ ಮುಖ್ಯ.

ಆದರೆ ಸೂಚನೆ ಹೋಗುವುದು ನೋಂದಣಿಯಲ್ಲಿ ಕೊಟ್ಟ ಇ-ಮೇಲ್‌ಗೆ. ಕಚೇರಿ ಬಿಟ್ಟುಹೋದ ನೌಕರನ ವಿಳಾಸ ಅಲ್ಲಿದ್ದರೆ ಅದು ಯಾರಿಗೂ ತಲುಪುವುದಿಲ್ಲ. ‘ತಾನಾಗಿ ನವೀಕರಣ’ವೂ ಅಷ್ಟೆ, ಕಾರ್ಡಿನ ಅವಧಿ ಮುಗಿದಿದ್ದರೆ ಹಣ ಪಾವತಿಯಾಗದು. ಬಾಬಾಸಾಹೇಬರು ಅನುಮತಿ ಕೇಳಿದರೂ ಸಿಗಲಿಲ್ಲ. ಈಗ ಕೇಳಿದರೆ ಸಿಗುತ್ತದೆ, ಕೇಳುವುದನ್ನು ಮರೆಯಬಾರದು ಅಷ್ಟೆ.