ಒಂದೇ ತೊಂಬತ್ತು, ಎರಡರ ಅಮಲು: ತೂಕ ಇಳಿಸುವ ಆಪರೇಷನ್ ಮತ್ತು ಮದ್ಯದ ಚರಿತ್ರೆ

ಹೋದ ವರ್ಷ ನಮ್ಮ ಕಡೆ ಒಂದು ಬೀಗರ ಊಟದಲ್ಲಿ ನಡೆದದ್ದು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ವರ್ಷವಾಗಿದ್ದ ಒಬ್ಬರು ಬಂದಿದ್ದರು. ಮೊದಲು ನೂರಿಪ್ಪತ್ತು ಕೆ.ಜಿ. ಇದ್ದವರು, ಈಗ ಹೊಸ ಅಂಗಿಯಲ್ಲಿ ಗುರುತೇ ಸಿಗುತ್ತಿರಲಿಲ್ಲ. ಊಟಕ್ಕೆ ಮುಂಚೆ ಹುಡುಗರ ಜೊತೆ ಕೂತು ಒಂದು ತೊಂಬತ್ತು ಹಾಕಿದರು. ಕಾಲು ಗಂಟೆಯಲ್ಲಿ ಮಾತು ತೊದಲಿತು. ಯಾರು ಹೇಳಿದರೂ ಕೇಳದೆ ಬೈಕ್ ಹತ್ತಿ ಹೊರಟವರು ಕಾಲುವೆ ಏರಿ ಮೇಲೆ ಬಿದ್ದು ಕೈ ಮುರಿದುಕೊಂಡರು.

"ಒಂದೇ ತೊಂಬತ್ತು ಕಣಣ್ಣ, ದೇವರಾಣೆ" ಎಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದರು. ಯಾರೂ ನಂಬಲಿಲ್ಲ. "ಒಂದ್ ತೊಂಬತ್ತಿಗೆ ಯಾರಾದ್ರೂ ಹಿಂಗಾಯ್ತಾರಾ? ಸುಳ್ಳು ಹೇಳೋದೊಂದು ಬಾಕಿ ಇತ್ತು" ಎಂದರು ಅವರ ಹೆಂಡತಿ. ಆಪರೇಷನ್‌ಗೆ ಮುಂಚೆ ಅದೇ ಮನುಷ್ಯ ಒಂದು ಕ್ವಾರ್ಟರ್ ಕುಡಿದು ನೆಟ್ಟಗೆ ನಡೆದು ಬಂದದ್ದನ್ನು ಊರೇ ನೋಡಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಅದು ನಮಗೆ ಗೊತ್ತಾದದ್ದು ಈ ಆಪರೇಷನ್ನಿನ ಚರಿತ್ರೆ ಓದಿದ ಮೇಲೆ. ಈಗ ಹಳ್ಳಿಯವರೂ ಸಕ್ಕರೆ ಕಾಯಿಲೆ, ಮಂಡಿ ನೋವು ಎಂದು ದೊಡ್ಡ ಊರಿಗೆ ಹೋಗಿ ಇದನ್ನು ಮಾಡಿಸಿಕೊಂಡು ಬರುತ್ತಿದ್ದಾರೆ. ಹಾಗಾಗಿ ಈ ಚರಿತ್ರೆ ನಮಗೂ ಬೇಕು.

ಮೊದಲು ಕ್ಯಾನ್ಸರ್, ಆಮೇಲೆ ಅಲ್ಸರ್

ಕಥೆ ಶುರುವಾಗುವುದು ಆಸ್ಟ್ರಿಯಾದ ವಿಯೆನ್ನಾದಲ್ಲಿ. 1881ರ ಜನವರಿ 29ರಂದು ಥಿಯೊಡೋರ್ ಬಿಲ್‌ರೋತ್ ಎಂಬ ಸರ್ಜನ್, ಕ್ಯಾನ್ಸರ್ ಆಗಿದ್ದ ಒಬ್ಬ ಹೆಂಗಸಿನ ಜಠರದ ಕೆಳಭಾಗ ಕತ್ತರಿಸಿ, ಉಳಿದದ್ದನ್ನು ಕರುಳಿಗೆ ಹೊಲಿದರು. ಅದಕ್ಕೆ ಮುಂಚೆ ಇಂಥ ಪ್ರಯತ್ನ ಮಾಡಿದವರಿದ್ದರು, ಆದರೆ ರೋಗಿ ಉಳಿದಿರಲಿಲ್ಲ. ಈ ಹೆಂಗಸು ಚೇತರಿಸಿಕೊಂಡರು. ಕೆಲವು ತಿಂಗಳ ನಂತರ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡರೂ, ಜಠರವನ್ನು ಕತ್ತರಿಸಿದರೂ ಮನುಷ್ಯ ಬದುಕಬಹುದು ಎಂಬುದು ಗೊತ್ತಾಯಿತು.

ಇಲ್ಲಿ ಒಂದು ಹೋಲಿಕೆ ಹೇಳಬೇಕು. ನಮ್ಮ ಜಠರ ಒಂದು ಕೆರೆ ಇದ್ದ ಹಾಗೆ, ಸಣ್ಣ ಕರುಳು ಕಾಲುವೆ ಇದ್ದ ಹಾಗೆ. ನಡುವೆ ಒಂದು ತೂಬು ಇದೆ. ತಿಂದದ್ದು, ಕುಡಿದದ್ದು ಕೆರೆಯಲ್ಲಿ ನಿಂತು, ತೂಬಿನಿಂದ ಸ್ವಲ್ಪ ಸ್ವಲ್ಪವಾಗಿ ಕಾಲುವೆಗೆ ಇಳಿಯುತ್ತದೆ. ಬಿಲ್‌ರೋತ್ ಮಾಡಿದ ಆಪರೇಷನ್ನಿನಲ್ಲಿ ತೂಬೂ ಹೋಗುತ್ತದೆ. ಹೀಗೆ ತೂಬು ಹೋದವರಲ್ಲಿ ಕೆಲವರಿಗೆ ಊಟವಾದ ತಕ್ಷಣ ಬೆವರು, ಎದೆ ಬಡಿತ, ತಲೆಸುತ್ತು ಬರುತ್ತಿತ್ತು. ಊಟ ಒಮ್ಮೆಗೇ ಕರುಳಿಗೆ ಸುರಿಯುವುದರಿಂದ ಹೀಗಾಗುತ್ತದೆ ಎಂದು ವೈದ್ಯರು ಕಂಡುಕೊಂಡು, 1920ರ ದಶಕದಲ್ಲಿ ಇದಕ್ಕೆ 'ಡಂಪಿಂಗ್' ಎಂದು ಹೆಸರಿಟ್ಟರು. ಊಟಕ್ಕೆ ಆಗುವುದು ಮದ್ಯಕ್ಕೂ ಆಗುತ್ತದೆ. ಆದರೆ ಅದನ್ನು ಕೂತು ಅಳೆಯುವ ಕೆಲಸ ಬಹಳ ತಡವಾಯಿತು.

ಇಪ್ಪತ್ತನೇ ಶತಮಾನದಲ್ಲಿ ಜಠರದ ಆಪರೇಷನ್ ಹೆಚ್ಚಾಗಿ ನಡೆದದ್ದು ಅಲ್ಸರ್‌ಗೆ. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಬಹಳ ಇತ್ತು. 1922 ಮತ್ತು 1924ರಲ್ಲಿ ಎವರೆಸ್ಟ್ ಹತ್ತಲು ಹೋಗಿದ್ದ ಬ್ರಿಟಿಷ್ ಸರ್ಜನ್ ಹೊವಾರ್ಡ್ ಸಾಮರ್‌ವೆಲ್, ಆಗಿನ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿ ನೆಲೆನಿಂತು ಅಲ್ಸರ್ ಆಪರೇಷನ್‌ಗೆ ಹೆಸರಾದರು. ಆ ಊರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ನಮ್ಮ ಕಡೆಯೂ ಹೊಟ್ಟೆಯ ನಡುವೆ ಉದ್ದಕ್ಕೆ ಹೊಲಿಗೆ ಗುರುತು ಇರುವ ಹಿರಿಯರನ್ನು ಕೇಳಿದರೆ "ಅಲ್ಸರ್ ಆಪ್ರೇಸನ್ನು" ಎನ್ನುತ್ತಾರೆ. ಒಳ್ಳೆಯ ಮಾತ್ರೆಗಳು ಬಂದವು. ಅಲ್ಸರ್‌ಗೆ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಆ ಮೇಲೆ ಈ ಆಪರೇಷನ್ ಅಪರೂಪವಾಯಿತು.

ಅಲ್ಸರ್‌ನಿಂದ ಬೊಜ್ಜಿಗೆ

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ ಒಂದು ವಿಷಯ ಗಮನಿಸಿದರು. ಅಲ್ಸರ್‌ಗೆಂದು ಜಠರ ಕತ್ತರಿಸಿದ ಹೆಂಗಸರು ಆಮೇಲೆ ದಪ್ಪಗಾಗಲು ಕಷ್ಟಪಡುತ್ತಿದ್ದರು. ಹಾಗಿದ್ದರೆ ಅತಿಯಾದ ಬೊಜ್ಜಿನಿಂದ ನರಳುವವರಿಗೆ ಇದನ್ನೇ ಮಾಡಿದರೆ? 1966ರಲ್ಲಿ ಅವರು ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. ಇದು ಹೃದಯದ ಬೈಪಾಸ್ ಅಲ್ಲ, ಜಠರದ್ದು.

ಈಗ ಮಾಡುವ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಅಂದರೆ ಒಂದು ಸಣ್ಣ ಪೆಗ್ ಅಷ್ಟು! ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ದೊಡ್ಡ ಕೆರೆಯೂ ತೂಬೂ ಪಕ್ಕಕ್ಕೆ ಉಳಿಯುತ್ತವೆ. 1990ರ ದಶಕದಲ್ಲಿ ಸಣ್ಣ ತೂತುಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ಇದನ್ನು ಮಾಡಲು ಕಲಿತ ಮೇಲೆ ಲೋಕವೆಲ್ಲ ಹಬ್ಬಿತು. ಆಮೇಲೆ ಬಂದದ್ದು 'ಸ್ಲೀವ್'. ಅದರಲ್ಲಿ ಜಠರದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂತೆ ಉದ್ದವಾಗಿ ಬಿಡುತ್ತಾರೆ. ತೂಬು ಇರುತ್ತದೆ, ಆದರೆ ಕೆರೆ ಕಿರಿದಾದ್ದರಿಂದ ಒಳಗೆ ಹೋದದ್ದು ಬೇಗ ಕೆಳಗಿಳಿಯುತ್ತದೆ.

ಅಳೆಯಲು 36 ವರ್ಷ

ಮದ್ಯ ಹೆಚ್ಚಾಗಿ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರದಲ್ಲಿ ನಿಂತಷ್ಟು ಹೊತ್ತು ಅಮಲು ನಿಧಾನ. ಹೊಟ್ಟೆ ತುಂಬ ಉಂಡು ಕುಡಿದರೆ ಬೇಗ ಏರುವುದಿಲ್ಲ ಎಂದು ಕುಡಿಯುವವರು ಹೇಳುವುದರ ಹಿಂದಿನ ಕಾರಣ ಇದೇ. ಜೊತೆಗೆ ಜಠರದ ಗೋಡೆಯಲ್ಲೇ ಮದ್ಯವನ್ನು ಸ್ವಲ್ಪ ಒಡೆಯುವ ಒಂದು ಕಿಣ್ವವೂ ಇದೆ. ಅಮೆರಿಕದ ಚಾರ್ಲ್ಸ್ ಲೀಬರ್ ಅವರ ತಂಡ 1989ರಲ್ಲಿ, ಜಠರ ಕತ್ತರಿಸಿದವರಲ್ಲಿ ಈ ಮೊದಲ ಸುತ್ತಿನ ಒಡೆಯುವಿಕೆಯೇ ಇಲ್ಲವಾಗುತ್ತದೆ ಎಂದು ತೋರಿಸಿತು.

ತೂಕ ಇಳಿಸುವ ಬೈಪಾಸ್ ಆದವರ ರಕ್ತದಲ್ಲಿ ಮದ್ಯ ಅಳೆದ, ಮುಂದೆ ಎಲ್ಲರೂ ಹೆಸರಿಸಿದ ಅಧ್ಯಯನ ಬಂದದ್ದು 2002ರಲ್ಲಿ, ಸ್ವೀಡನ್‌ನಿಂದ. ಮೇಸನ್ ಅವರ ಮೊದಲ ಬೈಪಾಸ್ ಆಗಿ ಆಗಲೇ 36 ವರ್ಷ. ಬೈಪಾಸ್ ಆದ 12 ಹೆಂಗಸರಿಗೂ, ಆಗದ 12 ಹೆಂಗಸರಿಗೂ ತೂಕಕ್ಕೆ ತಕ್ಕಂತೆ ಅಳೆದು ಮದ್ಯ ಕೊಟ್ಟರು. ಆಗದವರಲ್ಲಿ ಅಮಲು ತುದಿಗೇರಲು 30 ನಿಮಿಷ ಬೇಕಾಯಿತು. ಆದವರಲ್ಲಿ 10 ನಿಮಿಷ ಸಾಕಾಯಿತು, ಏರಿದ ಮಟ್ಟವೂ ಹೆಚ್ಚಿತ್ತು.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 19 ಜನರನ್ನು ಆಪರೇಷನ್‌ಗೆ ಮುಂಚೆಯೂ ಆಮೇಲೆಯೂ ಪರೀಕ್ಷಿಸಿದರು. ಪ್ರತಿ ಸಲವೂ ಕೊಟ್ಟದ್ದು ಸುಮಾರು 150 ಮಿ.ಲೀ. ಕೆಂಪು ವೈನ್. ಉಸಿರಿನಿಂದ ಅಳೆದಾಗ ರಕ್ತದ ಮದ್ಯದ ಮಟ್ಟ ಮುಂಚೆ 100 ಮಿ.ಲೀ.ಗೆ 24 ಮಿ.ಗ್ರಾಂ. ಇತ್ತು. ಮೂರು ತಿಂಗಳ ನಂತರ 59, ಆರು ತಿಂಗಳ ನಂತರ 88. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 30 ಮಿ.ಗ್ರಾಂ. ಅಂದರೆ ಅದೇ ಲೋಟ, ಅದೇ ಮನುಷ್ಯ. ಆಪರೇಷನ್‌ಗೆ ಮುಂಚೆ ಮಿತಿಯ ಒಳಗೆ, ಆರು ತಿಂಗಳ ಮೇಲೆ ಮಿತಿಯ ಮೂರು ಪಟ್ಟಿನ ಹತ್ತಿರ.

2015ರಲ್ಲಿ ಯಾನಿನಾ ಪೆಪಿನೊ ಅವರ ತಂಡ, ಬೈಪಾಸ್ ಆದ ಹೆಂಗಸರಿಗೆ ಎರಡು ಪೆಗ್ ನಾಲ್ಕು ಪೆಗ್‌ಗೆ ಸಮ ಎಂದು ವರದಿ ಮಾಡಿತು. 2018ರಲ್ಲಿ ಅದೇ ತಂಡ, ಸ್ಲೀವ್ ಆದವರಲ್ಲೂ ಅಮಲು ಬೇಗ ಏರಿ ಮೇಲಕ್ಕೆ ಹೋಗುತ್ತದೆ ಎಂದು ತೋರಿಸಿತು. ಅದಕ್ಕೆ ಮುಂಚೆ ಕೆಲವು ಅಧ್ಯಯನಗಳು ಸ್ಲೀವ್‌ನಿಂದ ಏನೂ ವ್ಯತ್ಯಾಸವಿಲ್ಲ ಎಂದಿದ್ದವು. ಅವು ಉಸಿರಿನಿಂದ ಅಳೆದಿದ್ದವು. ಇಷ್ಟು ಬೇಗ ಏರಿ ಇಳಿಯುವ ಅಮಲನ್ನು ಉಸಿರಿನ ಯಂತ್ರ ಕಡಿಮೆ ತೋರಿಸುತ್ತದೆ ಎಂದು ರಕ್ತ ಪರೀಕ್ಷೆಯಿಂದ ಗೊತ್ತಾಯಿತು.

ಖರ್ಚು ಕಡಿಮೆ ಎಂಬ ತಮಾಷೆ

"ಸ್ವಲ್ಪಕ್ಕೇ ಏರ್ತದೆ, ದುಡ್ಡು ಉಳೀತು" ಎಂದು ನಗುವವರಿದ್ದಾರೆ. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ನೋಡಿದರೆ ಆ ನಗು ನಿಲ್ಲುತ್ತದೆ. ಅಮೆರಿಕದ 10 ಆಸ್ಪತ್ರೆಗಳ 1,945 ಜನರನ್ನು ಆಪರೇಷನ್ನಿನ ನಂತರವೂ ವಿಚಾರಿಸುತ್ತಾ ಬಂದರು. ಕುಡಿತ ಕೈಮೀರಿದ ಲಕ್ಷಣ ಮುಂಚೆ 7.6 ಶೇಕಡಾ ಜನರಲ್ಲಿತ್ತು. ಮೊದಲ ವರ್ಷದ ಕೊನೆಗೆ 7.3, ಹೆಚ್ಚೇನೂ ಬದಲಾಗಿರಲಿಲ್ಲ. ಎರಡನೇ ವರ್ಷಕ್ಕೆ 9.6ಕ್ಕೆ ಏರಿತು. ಮುಂದೆ 2017ರಲ್ಲಿ ಅದೇ ಯೋಜನೆಯವರು ಹೇಳಿದ್ದು: ಬೈಪಾಸ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಐದು ವರ್ಷದೊಳಗೆ ಇಂಥ ಲಕ್ಷಣ ಕಂಡಿತು. ಗಂಡಸರು, ಚಿಕ್ಕ ವಯಸ್ಸಿನವರು, ಬೀಡಿ ಸಿಗರೇಟು ಸೇದುವವರು, ಮುಂಚೆಯೇ ಕುಡಿಯುತ್ತಿದ್ದವರು, ಆಸರೆಗೆ ಜನ ಕಡಿಮೆ ಇದ್ದವರು ಹೆಚ್ಚು ಸಿಕ್ಕಿಬಿದ್ದರು.

ಊಟದ ಚಪಲ ಕುಡಿತಕ್ಕೆ ತಿರುಗಿತು ಎಂದು ಕೆಲವರು ವಿವರಿಸುತ್ತಾರೆ. ಅದಷ್ಟೇ ಕಾರಣವಾಗಿದ್ದರೆ ಜಠರಕ್ಕೆ ಬರೀ ಪಟ್ಟಿ ಬಿಗಿಸಿಕೊಂಡವರಿಗೂ ಅಷ್ಟೇ ಆಗಬೇಕಿತ್ತು, ಅವರೂ ಊಟ ಬಿಟ್ಟವರೇ. ಆದರೆ ಅವರಲ್ಲಿ ಇದು ಕಡಿಮೆ, ಬೈಪಾಸ್ ಆದವರಲ್ಲಿ ಹೆಚ್ಚು. ಹಾಗಾಗಿ ಮನಸ್ಸಿನ ದೌರ್ಬಲ್ಯ ಎಂದು ಬೈದು ಮುಗಿಸುವ ವಿಷಯ ಇದಲ್ಲ. ಬದಲಾದ ಕೆರೆ ಕಾಲುವೆಯ ಪಾಲೂ ಇದರಲ್ಲಿದೆ. ಜೊತೆಗೆ ಇಂಥವರಿಗೆ ಜೀವಸತ್ವದ ಕೊರತೆ ಮೊದಲೇ ಕಾಡುತ್ತದೆ. ಮೇಲೆ ಮದ್ಯ ಬಿದ್ದರೆ ಬಿ1 ಜೀವಸತ್ವ ಇನ್ನೂ ಕಡಿಮೆಯಾಗಿ ಮೆದುಳಿಗೇ ಪೆಟ್ಟಾಗಬಹುದು.

ಅಮೆರಿಕದ ಸರ್ಜನ್‌ಗಳ ಮಾರ್ಗಸೂಚಿ 2013ರಲ್ಲಿ, ಅಪಾಯ ಹೆಚ್ಚಿರುವವರು ಮದ್ಯವನ್ನು ಪೂರ್ತಿ ಬಿಡಬೇಕು ಎಂದು ಬರೆಯಿತು. 1966ರಲ್ಲಿ ಶುರುವಾದ ಆಪರೇಷನ್‌ಗೆ ಈ ಮಾತು ಸೇರಲು ಅಷ್ಟು ವರ್ಷ ಹಿಡಿಯಿತು. ಅಲ್ಲಿಂದ ನಮ್ಮೂರಿಗೆ ಇನ್ನೂ ಬಂದಿಲ್ಲ.

ಇದನ್ನು ಬರೆಯುವ ಮುಂಚೆ ಕೈ ಮುರಿದುಕೊಂಡವರ ಮನೆಗೆ ಹೋಗಿದ್ದೆವು. ಅವರ ಡಿಸ್ಚಾರ್ಜ್ ಹಾಳೆ ನೋಡಿದೆವು. ಸಿಹಿ ಬೇಡ, ಸೋಡಾ ಬೇಡ ಎಂಬುದರ ಕೆಳಗೆ ಮದ್ಯ ಬೇಡ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಯಾಕೆ ಎಂದು ಇರಲಿಲ್ಲ. ಎಲ್ಲ ಡಾಕ್ಟರೂ ಎಲ್ಲರಿಗೂ ಹೇಳುವ ಮಾತು ಎಂದು ಅವರು ಬಿಟ್ಟುಬಿಟ್ಟಿದ್ದರು. ಒಂದು ತೊಂಬತ್ತರಲ್ಲಿ ಸುಮಾರು 30 ಗ್ರಾಂ ಮದ್ಯಸಾರ ಇರುತ್ತದೆ, ಈಗಿನ ನಿಮ್ಮ ಹೊಟ್ಟೆಗೆ ಅದು ಕ್ವಾರ್ಟರ್ ಲೆಕ್ಕ ಎಂದು ವಿವರಿಸಿದೆವು. ಅವರ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. "ಅಂಗಾರೆ ಅವತ್ತು ಇವರು ನಿಜ ಹೇಳಿದ್ರಾ?" ಎಂದರು. ಹೌದಮ್ಮ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ ಮೊದಲೇ ಯಾರಾದ್ರೂ ಹೇಳಿದ್ರೆ ಆಗ್ತಿರಲಿಲ್ವಾ" ಎಂದರು.

ಅದಕ್ಕೇ ಇಲ್ಲಿ ಹೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಆಪರೇಷನ್‌ಗೆ ಹೊರಟಿದ್ದರೆ, ಕುಡಿಯುವ ಅಭ್ಯಾಸ ಇರುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಆದವರಿದ್ದರೆ ಬೀಗರ ಊಟದಲ್ಲಿ "ಒಂದೇ ಒಂದು" ಎಂದು ಬಲವಂತ ಮಾಡಬೇಡಿ. ಕುಡಿದವರ ಕೈಗೆ ಬೈಕಿನ ಕೀಲಿ ಕೊಡಬೇಡಿ. ಕುಡಿತ ಎರಡು ಮೂರು ವರ್ಷ ಕಳೆದ ಮೇಲೆ ಶುರುವಾದರೂ ಆಪರೇಷನ್ ಮಾಡಿದ ಡಾಕ್ಟರಿಗೆ ತಿಳಿಸಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮಾತಾಡಬಹುದು, ಇಲ್ಲವೇ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.